ದೊಡ್ಡರೋಗ ಅಳಿಯಿತು, ಡಿಸ್ಟೆಂಪರ್ ಏಕೆ ಉಳಿಯಿತು?

ದನಕರುಗಳ ದೊಡ್ಡರೋಗವೆಂದರೆ ಒಂದು ಕಾಲದಲ್ಲಿ ರೈತನ ಎದೆ ನಡುಗುತ್ತಿತ್ತು. ಅದು ಊರನ್ನು ಹೊಕ್ಕಿತೆಂದರೆ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಉಳುವ ಎತ್ತುಗಳಿಲ್ಲದೆ ಹೊಲಗಳು ಬೀಳಾಗುತ್ತಿದ್ದವು. ಆ ರೋಗವು ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಕೆಲವು ಪ್ರಯೋಗಶಾಲೆಗಳಲ್ಲಿ ಭದ್ರವಾಗಿ ಇರಿಸಿರುವ ಮಾದರಿಗಳನ್ನು ಬಿಟ್ಟರೆ ಅದರ ವೈರಸ್ಸು ನಾಮಾವಶೇಷವಾಗಿದೆಯೆಂದು 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸಾರಿತು. ಸಿಡುಬಿನ ತರುವಾಯ ಮನುಷ್ಯನು ಲೋಕದಿಂದಲೇ ತೊಲಗಿಸಿದ ರೋಗ ಇದೊಂದೇ.

ದೊಡ್ಡರೋಗದ ವೈರಸ್ಸಿಗೆ ಒಬ್ಬ ದಾಯಾದಿಯುಂಟು. ಅದು ನಾಯಿಗಳನ್ನು ಕೊಲ್ಲುವ ಡಿಸ್ಟೆಂಪರ್ ರೋಗದ ವೈರಸ್ಸು. ಇದಕ್ಕೂ ಒಳ್ಳೆಯ ಲಸಿಕೆಯಿದೆ. ಬೇನೆಯಿಂದ ಚೇತರಿಸಿಕೊಂಡ ಪ್ರಾಣಿಗೆ ಇದರಲ್ಲಿಯೂ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಆದರೂ ಡಿಸ್ಟೆಂಪರ್ ಅಳಿದಿಲ್ಲ. ಸಾಲದುದಕ್ಕೆ ಸಿಂಹ, ಹುಲಿ, ಕಡಲಿನ ಸೀಲ್‌ಗಳವರೆಗೂ ಕೈಚಾಚಿದೆ. ಒಂದೇ ಕುಲದ ಎರಡು ವೈರಸ್ಸುಗಳಿಗೆ ಇಷ್ಟು ಭಿನ್ನವಾದ ಗತಿ ಒದಗಿದುದೇಕೆ?

ಮೊದಲು ಕುಲದ ಪರಿಚಯ ಮಾಡಿಕೊಳ್ಳೋಣ. ಮನುಷ್ಯರ ದಡಾರ, ದನಗಳ ದೊಡ್ಡರೋಗ, ಆಡು ಕುರಿಗಳ ಪಿ.ಪಿ.ಆರ್., ನಾಯಿಗಳ ಡಿಸ್ಟೆಂಪರ್ ಇವೆಲ್ಲವೂ ಮಾರ್ಬಿಲಿವೈರಸ್ ಎಂಬ ಗುಂಪಿನ ವೈರಸ್ಸುಗಳಿಂದ ಬರುತ್ತವೆ. ಇವುಗಳ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನ ಉದ್ದದಲ್ಲಿ ಐದಾರು ಸಾವಿರ ಹಿಡಿಸಿಯಾವು. ಕಣದ ಒಳಗೆ ಆರ್‌ಎನ್‌ಎ ಎಂಬ ಎಳೆಯಿದೆ. ವಂಶದ ಲಿಪಿಯೆಲ್ಲ ಅದರಲ್ಲಿ ಅಡಗಿದೆ. ಆ ಲಿಪಿಯ ಅಕ್ಷರಗಳು ಸುಮಾರು 16,000 ಮಾತ್ರ. ಹೊರಗೆ ಕೊಬ್ಬಿನ ತೆಳುವಾದ ಹೊದಿಕೆಯುಂಟು. ಬಿಸಿಲು, ಶಾಖ, ಸಾಬೂನು ಯಾವುದು ತಾಗಿದರೂ ಈ ಹೊದಿಕೆ ಕೆಡುತ್ತದೆ. ಆದುದರಿಂದ ಈ ವೈರಸ್ಸು ಪ್ರಾಣಿಯ ದೇಹದ ಹೊರಗೆ ಬಹುಕಾಲ ಬಾಳಲಾರದು. ಒಂದು ಜೀವಿಯಿಂದ ಇನ್ನೊಂದಕ್ಕೆ ಬೇಗನೆ ದಾಟಿದರೆ ಮಾತ್ರ ಅದಕ್ಕೆ ಉಳಿವು. ಈ ಸಂಗತಿಯನ್ನು ನೆನಪಿನಲ್ಲಿಟ್ಟಿರೋಣ.

ಡಿಸ್ಟೆಂಪರನ್ನು 1809ರಲ್ಲಿಯೇ ಎಡ್ವರ್ಡ್ ಜೆನ್ನರ್ ವರ್ಣಿಸಿದ್ದನು. ಸಿಡುಬಿಗೆ ಲಸಿಕೆ ಕೊಟ್ಟ ಜೆನ್ನರನೇ ಈತ. ಆದರೆ ರೋಗಕಾರಕ ಯಾವುದೆಂದು ತಿಳಿಯಲು ಸುಮಾರು ನೂರು ವರ್ಷ ಹಿಡಿಯಿತು. 1905ರಲ್ಲಿ ಫ್ರಾನ್ಸಿನ ಪಶುವೈದ್ಯ ಆನ್ರಿ ಕಾರೆ ರೋಗಗ್ರಸ್ತ ನಾಯಿಯ ಮೂಗಿನ ಸ್ರಾವವನ್ನು ಬ್ಯಾಕ್ಟೀರಿಯಾಗಳು ನುಸುಳಲಾರದಷ್ಟು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿದನು. ಸೋಸಿ ಬಂದ ದ್ರವವೂ ಆರೋಗ್ಯವಂತ ನಾಯಿಗೆ ರೋಗ ಬರಿಸಿತು. ಕಾರಣ ವೈರಸ್ಸೇ ಎಂಬುದು ಇದರ ಅರ್ಥ. ಆದರೂ ಸುಮಾರು ಇಪ್ಪತ್ತು ವರ್ಷ ಅನೇಕರು ಇದನ್ನು ಒಪ್ಪಲಿಲ್ಲ. 1920ರ ದಶಕದಲ್ಲಿ ಲಂಡನ್ನಿನ ಬಳಿಯ ಮಿಲ್ ಹಿಲ್‌ನಲ್ಲಿ ಲೇಡ್ಲಾ ಮತ್ತು ಡಂಕಿನ್ ಎಂಬ ವಿಜ್ಞಾನಿಗಳು ಸಂಶಯವನ್ನು ನಿವಾರಿಸಿ ಲಸಿಕೆಯನ್ನೂ ಸಿದ್ಧಪಡಿಸಿದರು. ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಗೆ ಈ ರೋಗ ಬಹು ಸುಲಭವಾಗಿ ತಗಲುತ್ತದೆಂದು ಅವರು ಕಂಡುಕೊಂಡುದು ಇನ್ನೊಂದು ಲಾಭಕ್ಕೆ ದಾರಿಯಾಯಿತು. 1933ರಲ್ಲಿ ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸನ್ನು ಮೊದಲು ಹಿಡಿದುದು ಈ ಫೆರೆಟ್ಟುಗಳ ಸಹಾಯದಿಂದಲೇ. ನಾಯಿಯ ಬೇನೆಯ ಅಧ್ಯಯನ ಮನುಷ್ಯನ ವೈದ್ಯಕ್ಕೆ ಹೀಗೆ ನೆರವಾಯಿತು.

ಈ ವೈರಸ್ಸು ದೇಹದಲ್ಲಿ ಮಾಡುವುದೇನು? ಉಸಿರಿನ ಮೂಲಕ ಒಳಹೊಕ್ಕು, ದೇಹವನ್ನು ಕಾಯುವ ಬಿಳಿಯ ರಕ್ತಕಣಗಳನ್ನೇ ಅದು ಮೊದಲು ಹಿಡಿಯುತ್ತದೆ. ಕಾವಲುಗಾರರು ಬಿದ್ದ ಮೇಲೆ ಕೋಟೆಗೆ ರಕ್ಷಣೆಯೆಲ್ಲಿ? ಆಮೇಲೆ ಶ್ವಾಸಕೋಶ, ಕರುಳು, ಚರ್ಮಗಳಿಗೆ ಹರಡುತ್ತದೆ. ಅನೇಕ ವೇಳೆ ಮಿದುಳನ್ನೂ ಮುಟ್ಟುತ್ತದೆ. ಜ್ವರ, ಕಣ್ಣು ಮೂಗುಗಳಿಂದ ಸ್ರಾವ, ಕೆಮ್ಮು, ಭೇದಿ, ಕೊನೆಗೆ ಸೆಳೆತ ಇವು ರೋಗದ ಚಿಹ್ನೆಗಳು. ಕೆಲವು ನಾಯಿಗಳ ಅಂಗಾಲು ಗಡುಸಾಗುತ್ತದೆ. ಕಣವು ಜೀವಕೋಶದೊಳಕ್ಕೆ ಹೋಗಲು ಕೋಶದ ಮೇಲಿರುವ ಒಂದು ಪ್ರೋಟೀನು ಬೀಗದಂತೆಯೂ ವೈರಸ್ಸಿನ ಪ್ರೋಟೀನು ಕೀಲಿಯಂತೆಯೂ ಕೂಡಬೇಕು. ಡಿಸ್ಟೆಂಪರ್ ವೈರಸ್ಸಿನ ಕೀಲಿಯು ನಾಯಿಯ ಬೀಗಕ್ಕೆ ಮಾತ್ರವಲ್ಲದೆ ಇತರ ಹಲವು ಮಾಂಸಾಹಾರಿಗಳ ಬೀಗಕ್ಕೂ ಅಲ್ಪಸ್ವಲ್ಪ ಬದಲಾವಣೆಯೊಡನೆ ಹೊಂದಿಕೊಳ್ಳುತ್ತದೆ. ನಮ್ಮ ಪ್ರಶ್ನೆಯ ಉತ್ತರಕ್ಕೆ ಇದು ಮೊದಲನೆಯ ಸುಳಿವು.

ಎರಡನೆಯ ಸುಳಿವು ಭೌತಶಾಸ್ತ್ರದಲ್ಲಿದೆ. ಯುರೇನಿಯಮ್ಮಿನ ಒಂದು ಪರಮಾಣು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳು ಬೇರೆ ಪರಮಾಣುಗಳನ್ನು ಒಡೆಯುತ್ತವೆ. ಒಂದು ವಿದಳನದಿಂದ ಸರಾಸರಿ ಒಂದಕ್ಕಿಂತ ಹೆಚ್ಚು ವಿದಳನಗಳಾದರೆ ಸರಪಳಿಕ್ರಿಯೆ ಬೆಳೆಯುತ್ತದೆ. ಕಡಿಮೆಯಾದರೆ ತಾನಾಗಿಯೇ ನಂದುತ್ತದೆ. ಅಂಟುರೋಗದ ನಿಯಮವೂ ಇದೇ. ಒಂದು ಪ್ರಾಣಿಯು ಐದಕ್ಕೆ ರೋಗ ಅಂಟಿಸುತ್ತದೆಯೆಂದು ಭಾವಿಸೋಣ. ಐದರಲ್ಲಿ ನಾಲ್ಕಕ್ಕೂ ಲಸಿಕೆಯಾಗಿದ್ದರೆ ರೋಗ ತಗಲುವುದು ಒಂದಕ್ಕೆ ಮಾತ್ರ. ಲಸಿಕೆಯಾದವುಗಳ ಪ್ರಮಾಣ ಇನ್ನಷ್ಟು ಏರಿದರೆ ಸರಪಳಿ ಕಡಿಯುತ್ತದೆ. ಹೊರಗೆ ಬಾಳಲಾರದ ವೈರಸ್ಸಿಗೆ ಅದೇ ಅಂತ್ಯ. ಪ್ರತಿಯೊಂದು ಪ್ರಾಣಿಗೂ ಲಸಿಕೆ ಹಾಕದೆಯೇ ರೋಗವನ್ನು ನಿರ್ಮೂಲ ಮಾಡಬಹುದೆಂಬ ಭರವಸೆ ಈ ಲೆಕ್ಕದಿಂದ ಹುಟ್ಟಿತು.

ದೊಡ್ಡರೋಗದಲ್ಲಿ ಈ ಲೆಕ್ಕ ಫಲಿಸಿತು. 1920ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ಅದರ ಉಗ್ರತೆಯನ್ನು ತಗ್ಗಿಸಿದ್ದನು. 1960ರ ಸುಮಾರಿನಲ್ಲಿ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಇನ್ನೂ ನಿರಪಾಯವಾದ ಲಸಿಕೆಯನ್ನು ಜೀವಕೋಶಗಳಲ್ಲಿ ಬೆಳೆಸಿದನು. ಕಾಡೆಮ್ಮೆ, ವಿಲ್ಡೆಬೀಸ್ಟ್ ಮುಂತಾದ ವನ್ಯಮೃಗಗಳಿಗೂ ಈ ರೋಗ ತಗಲುತ್ತಿತ್ತೆಂಬುದು ನಿಜ. ಆದರೆ ಟಾಂಜಾನಿಯದ ಸೆರೆಂಗೆಟಿ ಬಯಲಿನಲ್ಲಿ ನಡೆದುದನ್ನು ನೋಡಿರಿ. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದ ಬಳಿಕ, 1960ರ ದಶಕದಲ್ಲಿ, ಕಾಡಿನ ಮೃಗಗಳಿಂದಲೂ ರೋಗ ಮಾಯವಾಯಿತು. ಸುಮಾರು ಎರಡೂವರೆ ಲಕ್ಷವಿದ್ದ ವಿಲ್ಡೆಬೀಸ್ಟ್‌ಗಳು 1970ರ ದಶಕದಲ್ಲಿ ಹತ್ತು ಲಕ್ಷವನ್ನು ಮೀರಿದುವು. ಬೆಂಕಿಯ ಮೂಲ ದನಗಳಲ್ಲಿತ್ತು. ಕಾಡಿಗೆ ಬೀಳುತ್ತಿದ್ದುದು ಅದರ ಕಿಡಿ ಮಾತ್ರ.

ಅದೇ ಸೆರೆಂಗೆಟಿಯಲ್ಲಿ 1994ರಲ್ಲಿ ಡಿಸ್ಟೆಂಪರ್ ಸಿಂಹಗಳ ಮೇಲೆ ಎರಗಿತು. ಸುಮಾರು 1,000 ಸಿಂಹಗಳು, ಎಂದರೆ ಅಲ್ಲಿದ್ದವುಗಳಲ್ಲಿ ಮೂರನೆಯ ಒಂದು ಪಾಲು, ಸತ್ತವು. ಹಿಂದಿನ ಅನುಭವದಂತೆ ಸುತ್ತಣ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕಲಾಯಿತು. ನಾಯಿಗಳಲ್ಲಿ ರೋಗ ತಗ್ಗಿತು. ಆದರೆ ಸಿಂಹಗಳಿಗೆ ಸೋಂಕು ತಗಲುವುದು ನಿಲ್ಲಲಿಲ್ಲವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ನಾಯಿಯಲ್ಲದೆ ಬೇರೆ ಕಾಡುಪ್ರಾಣಿಗಳೂ ವೈರಸ್ಸನ್ನು ಸಾಗಿಸುತ್ತಿರಬೇಕೆಂಬುದು ಅದರಿಂದ ಹೊರಟ ಅನುಮಾನ. ರಷ್ಯದ ಪೂರ್ವಭಾಗದ ಹುಲಿಗಳನ್ನು ಕುರಿತ 2020ರ ಸಂಶೋಧನೆಯೂ ವನ್ಯಪ್ರಾಣಿಗಳತ್ತಲೇ ಬೆರಳು ಮಾಡಿತು.

ಉತ್ತರ ಈಗ ಸ್ಪಷ್ಟವಾಯಿತು. ದೊಡ್ಡರೋಗದ ಸರಪಳಿಯ ಮುಖ್ಯ ಕೊಂಡಿಗಳೆಲ್ಲ ಒಡೆಯನುಳ್ಳ ಪ್ರಾಣಿಗಳು. ಹಗ್ಗ ಹಿಡಿದು ನಿಲ್ಲಿಸಿ ಲಸಿಕೆ ಹಾಕಬಹುದಾದವು. ಡಿಸ್ಟೆಂಪರಿನ ಸರಪಳಿಯಾದರೋ ನಾಯಿ, ನರಿ, ತೋಳ, ರಕೂನ್ ಎಂದು ನಾನಾ ಕವಲುಗಳಾಗಿ ಹರಡಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆ ಅದು ಬದುಕಿರುತ್ತದೆ.

ಇಂಥ ವೈರಸ್ಸಿನಿಂದ ಹೆಚ್ಚಿನ ಅಪಾಯವಿರುವುದು ಸಂಖ್ಯೆಯಲ್ಲಿ ಕಡಿಮೆಯಿರುವ, ಒಂದೇ ಎಡೆಯಲ್ಲಿ ಬಾಳುವ ಪ್ರಾಣಿಗಳಿಗೆ. ಅಮೆರಿಕದ ಕಪ್ಪುಗಾಲಿನ ಫೆರೆಟ್ ಅಳಿದೇಹೋಯಿತೆಂದು ಭಾವಿಸಿದ್ದಾಗ 1981ರಲ್ಲಿ ವಯೋಮಿಂಗ್ ಪ್ರಾಂತದಲ್ಲಿ ಮತ್ತೆ ಕಾಣಿಸಿತು. 1985ರಲ್ಲಿ ಅದಕ್ಕೆ ಡಿಸ್ಟೆಂಪರ್ ತಗಲಿತು. 1987ರ ವೇಳೆಗೆ ಹಿಡಿದು ಉಳಿಸಿಕೊಳ್ಳಲಾದುದು ಕೇವಲ 18. ನಮ್ಮ ದೇಶದಲ್ಲಿಯೂ 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು; ಅವುಗಳಲ್ಲಿ ಡಿಸ್ಟೆಂಪರ್ ವೈರಸ್ಸು ಪತ್ತೆಯಾಯಿತು. ಏಷ್ಯಾದ ಸಿಂಹಗಳು ನಿಸರ್ಗದಲ್ಲಿ ಉಳಿದಿರುವುದು ಗುಜರಾತಿನಲ್ಲಿ ಮಾತ್ರ. ಎಲ್ಲ ಧಾನ್ಯವನ್ನೂ ಒಂದೇ ಕಣಜದಲ್ಲಿ ತುಂಬಿಟ್ಟ ಮನೆಯ ಆತಂಕ ಎಂಥದೆಂದು ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಕೈಕಟ್ಟಿ ಕುಳಿತಿರಬೇಕೆ? ಇಲ್ಲ. ಸಾಕಿದ ನಾಯಿಮರಿಗೆ ಆರು ವಾರಗಳಿಂದ ಎಂಟು ವಾರಗಳ ವಯಸ್ಸಿನಲ್ಲಿ ಲಸಿಕೆಯನ್ನು ಆರಂಭಿಸಿ, ಹದಿನಾರು ವಾರಗಳಾಗುವವರೆಗೆ ಪಶುವೈದ್ಯರು ಹೇಳಿದಂತೆ ಮತ್ತೆ ಹಾಕಿಸಬೇಕು. ಒಂದೇ ಸಲ ಸಾಲದೇಕೆಂದರೆ, ತಾಯಿಯಿಂದ ಮರಿಗೆ ಬಂದ ಪ್ರತಿಕಾಯಗಳು ಲಸಿಕೆಯನ್ನೂ ನಿಷ್ಫಲಗೊಳಿಸಬಲ್ಲವು. ಅವು ಕ್ಷೀಣಿಸಿದ ಮೇಲೆಯೇ ಲಸಿಕೆ ನಾಟುತ್ತದೆ. ಕಾಡಿನ ಅಂಚಿನ ಊರುಗಳ ನಾಯಿಗಳನ್ನು ರಕ್ಷಿಸಿದರೆ ಸರಪಳಿಯ ಒಂದು ದೊಡ್ಡ ಕವಲಾದರೂ ತುಂಡಾಗುತ್ತದೆ. ಸಿಂಹಗಳಿಗೆ ಎರಡನೆಯದೊಂದು ನೆಲೆಯನ್ನು ಕಲ್ಪಿಸಬೇಕೆಂಬ ವಾದಕ್ಕೂ ಈ ರೋಗವೇ ಬಲವಾದ ಸಾಕ್ಷಿ.

ಇನ್ನೊಂದು ಮಾತು. ಇದೇ ಕುಲದ ದಡಾರಕ್ಕೆ ಮನುಷ್ಯನಲ್ಲದೆ ಬೇರೆ ಶಾಶ್ವತವಾದ ಆಶ್ರಯವಿಲ್ಲ. ಅದು ಒಬ್ಬನಿಂದ 12ರಿಂದ 18 ಜನರಿಗೆ ಹರಡಬಲ್ಲುದಾದುದರಿಂದ ನೂರಕ್ಕೆ ತೊಂಬತ್ತೈದು ಮಂದಿಗಾದರೂ ರಕ್ಷಣೆಯಿರಬೇಕು. ಡಿಸ್ಟೆಂಪರ್ ಉಳಿದುದಕ್ಕೆ ಕಾಡನ್ನು ಕಾರಣವಾಗಿ ಹೇಳಬಹುದು. ದಡಾರ ಉಳಿದುದಕ್ಕೆ ಅಂಥ ಕಾರಣವನ್ನು ಹೇಳುವಂತಿಲ್ಲ. ಅದರ ಸರಪಳಿಯ ಕೊಂಡಿಗಳೆಲ್ಲ ನಾವೇ.