ಕಲಿಸುವ ಮೊದಲು ಕಾಣುವುದು

ನೇಯ್ಗೆ ಕಲಿಯಬೇಕೆಂಬ ಹುಡುಗ ಮೊದಲು ಮಗ್ಗದ ಪಕ್ಕದಲ್ಲಿ ಕುಳಿತು ಲಾಳಿಯ ಓಟವನ್ನು ನೋಡುತ್ತಾನೆ. ವೈದ್ಯನಾಗಬೇಕೆನ್ನುವವನು ಹಿರಿಯ ವೈದ್ಯರ ಬೆನ್ನ ಹಿಂದೆ ನಿಂತು ರೋಗಿಯ ಮುಖವನ್ನು ನೋಡುತ್ತಾನೆ. ಪಾಠ ಹೇಳುವ ಕಸುಬಿಗೂ ಇಂಥದೊಂದು ನೋಟದ ಕಾಲವುಂಟು. ಉಪಾಧ್ಯಾಯನಾಗಲು ಹೊರಟವನು ಕೆಲವು ವಾರಗಳ ಕಾಲ ಪ್ರಾಥಮಿಕ ಶಾಲೆಯೊಂದರ ತರಗತಿಯಲ್ಲಿ ತಾನು ಪಾಠ ಹೇಳದೆ, ಪಾಠ ನಡೆಯುವುದನ್ನು ನೋಡುತ್ತ, ಅಲ್ಲಿನ ಉಪಾಧ್ಯಾಯರಿಗೆ ಸಣ್ಣಪುಟ್ಟ ಕೆಲಸಗಳಲ್ಲಿ ನೆರವಾಗುತ್ತ ಕಳೆಯುವ ದಿನಗಳವು. ಈ ದಿನಗಳ ಬೆಲೆಯೇನು, ಅವನ್ನು ಹೇಗೆ ಕಳೆಯಬೇಕು ಎಂಬುದರ ಬಗ್ಗೆ ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕಾಲೇಜಿನಲ್ಲಿ ಕನ್ನಡ ಕಾವ್ಯ, ಭಾಷಾಚರಿತ್ರೆಗಳನ್ನು ಬೋಧಿಸಿ ನಿವೃತ್ತನಾದವನಿಗೆ ಒಂದನೆಯ ತರಗತಿಯ ಗೊಡವೆಯೇಕೆ ಎಂದು ಕೆಲವರಿಗೆ ಅನಿಸಬಹುದು. ಎಂ.ಎ. ಪದವಿಗೆ ಬಹಳ ಮುಂಚೆ, 1970ರ ದಶಕದ ಕೊನೆಯಲ್ಲಿ, ನಾನು ಶಿಕ್ಷಕ ತರಬೇತಿ ಪಡೆದವನು. ಆಗ ಅದಕ್ಕೆ ಟಿ.ಸಿ.ಎಚ್. ಎಂಬ ಹೆಸರಿತ್ತು. ಅನಂತರ ಅದು ಡಿ.ಎಡ್. ಆಯಿತು, ಆಮೇಲೆ ಡಿ.ಎಲ್.ಎಡ್. ಎನಿಸಿಕೊಂಡಿತು. ಹೆಸರು ಬದಲಾದಂತೆ ನಿಯಮಗಳೂ ಬದಲಾದವು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಾವಳಿಯು ಎರಡು ವರ್ಷಗಳ ಈ ಶಿಕ್ಷಣದಲ್ಲಿ ಕನಿಷ್ಠ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದೂ ಅದರಲ್ಲಿ 4 ವಾರಗಳು ತರಗತಿಯ ವೀಕ್ಷಣೆಗೆ ಮೀಸಲಾಗಿರಬೇಕೆಂದೂ ವಿಧಿಸಿತು. ಕಾಗದದ ಮೇಲೆ ಇದು ಒಳ್ಳೆಯ ವಿಧಿಯೇ. ಆದರೆ ವೀಕ್ಷಣೆ ಎಂದರೇನು ಎಂಬುದನ್ನು ಯಾವ ನಿಯಮವೂ ಕಲಿಸಲಾರದು. ಅದನ್ನು ತರಗತಿಯೇ ಕಲಿಸಬೇಕು.

ಮೊದಲ ಪ್ರಶ್ನೆ, ಎಲ್ಲಿ ಕೂರಬೇಕು? ಸಾಮಾನ್ಯವಾಗಿ ತರಬೇತಿಯ ಅಭ್ಯರ್ಥಿಗಳಿಗೆ ಕೋಣೆಯ ಹಿಂಬದಿಯಲ್ಲಿ ಬೆಂಚು ಹಾಕಿ ಕೂರಿಸುತ್ತಾರೆ. ಅಲ್ಲಿಂದ ಉಪಾಧ್ಯಾಯರ ಮುಖ, ಕರಿಹಲಗೆ, ಮಕ್ಕಳ ಬೆನ್ನು ಇಷ್ಟು ಕಾಣುತ್ತವೆ. ಉಪಾಧ್ಯಾಯರ ಧ್ವನಿಯ ಏರಿಳಿತ, ಹಲಗೆಯ ಮೇಲಿನ ಬರವಣಿಗೆ, ಪಾಠೋಪಕರಣಗಳ ಬಳಕೆ ಇವನ್ನು ಗಮನಿಸಲು ಆ ಜಾಗ ಸಾಕು. ಆದರೆ ಪಾಠ ತಲುಪಿತೋ ಇಲ್ಲವೋ ಎಂಬುದು ಕಾಣಬೇಕಾದರೆ ಕೋಣೆಯ ಪಕ್ಕದ ಗೋಡೆಗೆ ಒರಗಿ, ಮಕ್ಕಳ ಮುಖ ಮತ್ತು ಕೈ ಕಾಣುವಂತೆ ಕೂರಬೇಕು. ಉಪಾಧ್ಯಾಯರು ಹಲಗೆಯ ಕಡೆಗೆ ತಿರುಗಿದ ಕ್ಷಣದಲ್ಲಿ ತರಗತಿಯಲ್ಲಿ ಏನಾಗುತ್ತದೆಂಬುದು ಅವರಿಗೆ ಎಂದೂ ಕಾಣದು. ಪಕ್ಕದಲ್ಲಿ ಕುಳಿತವನಿಗೆ ಕಾಣುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಇಡೀ ತರಗತಿ ಒಟ್ಟಾಗಿ ಪಾಠವನ್ನು ಗಟ್ಟಿಯಾಗಿ ಓದುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹಳ ಹಳೆಯದು. ಮುಂದೆ ನಿಂತವರಿಗೆ ಅದು ಒಂದೇ ಧ್ವನಿಯಾಗಿ ಕೇಳುತ್ತದೆ, ಎಲ್ಲರೂ ಓದುತ್ತಿದ್ದಾರೆಂಬ ಸಮಾಧಾನವನ್ನೂ ಕೊಡುತ್ತದೆ. ಪಕ್ಕದಲ್ಲಿ ಕುಳಿತು ಒಂದೊಂದೇ ಮಗುವನ್ನು ನೋಡಿದರೆ ಬೇರೆಯ ಸಂಗತಿ ತಿಳಿಯುತ್ತದೆ. ಕೆಲವು ಮಕ್ಕಳ ಬಾಯಿ ನೆರೆಯ ಮಗುವಿನ ಬಾಯಿಗಿಂತ ಅರೆಗಳಿಗೆ ತಡವಾಗಿ ತೆರೆಯುತ್ತದೆ. ಅವು ಕೇಳಿದ್ದನ್ನು ಮರುನುಡಿಯುತ್ತಿವೆ. ಇನ್ನು ಕೆಲವರ ಮಾತು ಸರಿಯಾಗಿದೆ, ಆದರೆ ಪುಸ್ತಕದ ಮೇಲಿನ ಬೆರಳು ಎರಡು ಸಾಲು ಕೆಳಗಿದೆ. ಅವರಿಗೆ ಪಾಠ ಬಾಯಿಪಾಠವಾಗಿದೆ, ಅಕ್ಷರದ ಗುರುತು ಸಿಕ್ಕಿಲ್ಲ. ಬರೆಯುವಾಗಲೂ ಹೀಗೆಯೇ. ಸ್ಲೇಟಿನ ಮೇಲೆ ಮೂಡಿದ ಅಕ್ಷರ ಸರಿಯಾಗಿಯೇ ಕಾಣುತ್ತದೆ. ಆದರೆ ಮಗು ಅದನ್ನು ಬಾಲದ ಕಡೆಯಿಂದ ಆರಂಭಿಸಿ ಚಿತ್ರ ಬಿಡಿಸಿದಂತೆ ಬಿಡಿಸಿದೆ. ಬರೆದು ಮುಗಿದ ಸ್ಲೇಟು ಇದನ್ನು ತೋರಿಸುವುದಿಲ್ಲ. ಬರೆಯುವ ಕೈಯನ್ನು ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ.

ಎರಡನೆಯ ಪ್ರಶ್ನೆ, ಏನನ್ನು ಬರೆದುಕೊಳ್ಳಬೇಕು? ವೀಕ್ಷಣೆಯ ದಾಖಲೆ ಪುಸ್ತಕಗಳನ್ನು ನಾನು ಸಾಕಷ್ಟು ನೋಡಿದ್ದೇನೆ. "ಪೀಠಿಕೆ ಸಮಂಜಸವಾಗಿತ್ತು", "ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು", "ಕರಿಹಲಗೆಯ ಕೆಲಸ ತೃಪ್ತಿಕರ" ಇವು ಅಲ್ಲಿ ಪುಟಪುಟಕ್ಕೂ ಬರುವ ವಾಕ್ಯಗಳು. ಇವೆಲ್ಲ ತೀರ್ಪುಗಳು. ತೀರ್ಪಿನಿಂದ ಮರುದಿನದ ಪಾಠಕ್ಕೆ ಏನೂ ದೊರೆಯುವುದಿಲ್ಲ. "ಮೂರನೆಯ ಸಾಲಿನ ಹುಡುಗಿ ‘ಶಕ್ತಿ’ ಎಂಬುದನ್ನು ‘ಶಕಿತ’ ಎಂದು ಓದಿದಳು" ಎಂದು ಬರೆದರೆ ಅದೊಂದು ಸಂಗತಿ. ಅದರ ಮೇಲೆ ಯೋಚನೆಯನ್ನು ಕಟ್ಟಬಹುದು.

ಆ ಹುಡುಗಿ ಹಾಗೇಕೆ ಓದಿದಳು? ನಮ್ಮ ಲಿಪಿಯನ್ನು ಒಮ್ಮೆ ಮಗುವಿನ ಕಣ್ಣಿನಿಂದ ನೋಡೋಣ. ‘ಶಕ್ತಿ’ ಎಂದು ಬರೆಯುವಾಗ ಇಕಾರದ ಗುಡಿಸನ್ನು ಮೇಲಿನ ಕಕಾರಕ್ಕೆ ಕೊಡುತ್ತೇವೆ; ಉಚ್ಚರಿಸುವಾಗ ಆ ಇಕಾರವನ್ನು ಕೆಳಗಿನ ತಕಾರದೊಡನೆ ಸೇರಿಸುತ್ತೇವೆ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತನ್ನು ಕೊನೆಯಲ್ಲಿ ಬರೆಯುತ್ತೇವೆ, ಯಕಾರಕ್ಕಿಂತ ಮೊದಲು ನುಡಿಯುತ್ತೇವೆ. ಕಣ್ಣು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಹೋಗುತ್ತದೆಂದು ಈವರೆಗೆ ಕಲಿತ ಮಗು ಆ ನಿಯಮವನ್ನೇ ನಂಬಿ ‘ಶಕಿತ’ ಎಂದು ಓದುತ್ತದೆ. ಅದು ತಪ್ಪಿರುವುದು ನಿಜ. ಆದರೆ ಆ ತಪ್ಪಿನ ಹಿಂದೆ ತರ್ಕವಿದೆ. ಆ ತರ್ಕವನ್ನು ಕಂಡುಕೊಂಡ ಉಪಾಧ್ಯಾಯನು "ಸರಿಯಾಗಿ ನೋಡಿ ಓದು" ಎಂದು ಗದರುವುದಿಲ್ಲ. ಗುಡಿಸು ಎಲ್ಲಿದ್ದರೂ ಸ್ವರ ಒತ್ತಿನ ಅಕ್ಷರಕ್ಕೆ ಸೇರುತ್ತದೆಂಬ ಒಂದು ಮಾತನ್ನು ಹೇಳಿಕೊಡುತ್ತಾನೆ. ಗದರಿಕೆಗೊಳಗಾದ ಮಗುವಾದರೋ ಸರಿಯಾಗಿ ನೋಡಿಯೇ ಓದಿದೆ! ಇನ್ನೇನು ನೋಡಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ.

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಗೆ ತರಬೇತಿಯ ಅಂಗವಾಗಿ ನನ್ನನ್ನು ಕಳುಹಿಸಿದ್ದರು. ನಾಲ್ಕು ತರಗತಿಗಳಿಗೆ ಇಬ್ಬರು ಉಪಾಧ್ಯಾಯರು. ಚಿಕ್ಕ ತರಗತಿಗಳನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಉಪಾಧ್ಯಾಯಿನಿ. ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗ ಓದಲು ಎಬ್ಬಿಸಿದರೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಹಿಂದಿನ ವರ್ಷ ಬೇರೆ ಶಾಲೆಯಿಂದ ಬಂದವನು. ದಡ್ಡನೆಂಬ ಹೆಸರು ಅವನ ಜೊತೆಗೇ ಬಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಹುಡುಗ ಅರಳಿಕಟ್ಟೆಯ ಮೇಲೆ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಹುಲಿಯ ಕಥೆಯೊಂದನ್ನು ಕೈ ಬಾಯಿ ಆಡಿಸುತ್ತ ಹೇಳುತ್ತಿದ್ದುದನ್ನು ಕಂಡೆ. ಅವನ ಕಥೆಯಲ್ಲಿ ಹುಲಿ ‘ಉಲಿ’ಯಾಗಿತ್ತು, ಹಾಲು ‘ಆಲು’ ಆಗಿತ್ತು, ಹಸು ‘ಅಸು’ ಆಗಿತ್ತು. ಆ ಸೀಮೆಯ ಮಾತೇ ಹಾಗೆ. ಹಿಂದಿನ ಶಾಲೆಯಲ್ಲಿ ಈ ಹಕಾರಕ್ಕಾಗಿ ಅವನು ಪೆಟ್ಟು ತಿಂದಿದ್ದನೆಂದು ಆಮೇಲೆ ತಿಳಿಯಿತು. ಪೆಟ್ಟಿನ ಭಯಕ್ಕೆ ಒಮ್ಮೊಮ್ಮೆ ‘ಆನೆ’ಯನ್ನು ‘ಹಾನೆ’ ಎಂದೂ ಓದಿ ಮತ್ತಷ್ಟು ನಗೆಪಾಟಲಾಗಿದ್ದನಂತೆ. ಕೊನೆಗೆ ಸುಮ್ಮನಿರುವುದೇ ಕ್ಷೇಮವೆಂದುಕೊಂಡಿದ್ದ.

ನಾನು ಕಂಡದ್ದನ್ನು ಉಪಾಧ್ಯಾಯಿನಿಗೆ ಹೇಳಿದೆ. "ನನ್ನೆದುರಿಗೆ ಮೂಕನ ಹಂಗಿರ್ತಾನಲ್ಲಪ್ಪ! ಕಟ್ಟೆ ಮೇಲೆ ನೋಡೋಕೆ ನನಗೆಲ್ಲಿ ಪುರುಸೊತ್ತು? ಒಳ್ಳೇದಾಯ್ತು ನೀನು ನೋಡಿದ್ದು" ಎಂದರು. ಮರುದಿನ ಆ ಹುಡುಗನನ್ನು ಓದಲು ಎಬ್ಬಿಸಲಿಲ್ಲ. ಹತ್ತಿರ ಕರೆದು ಹುಲಿಯ ಕಥೆಯನ್ನು ಹೇಳೆಂದರು. ಬಹಳ ಹೊತ್ತಿನ ಮೇಲೆ ಅವನು ಆರಂಭಿಸಿದ. ಕಥೆ ಮುಗಿದ ಮೇಲೆ ಹಲಗೆಯ ಮೇಲೆ ‘ಹಾಲು’ ಎಂದು ಬರೆದು, "ನಿಮ್ಮಜ್ಜಿ ಇದನ್ನ ಆಲು ಅಂತಾರೆ, ಪುಸ್ತಕ ಹಾಲು ಅನ್ನುತ್ತೆ. ಅಜ್ಜಿ ಹತ್ರ ಅಜ್ಜಿ ಮಾತು, ಪುಸ್ತಕದ ಹತ್ರ ಪುಸ್ತಕದ ಮಾತು. ಎರಡೂ ಬಿಳೀನೇ ಅಲ್ವೇನಪ್ಪ ಮಗ?" ಎಂದು ಕೇಳಿದರು. ತರಗತಿ ನಕ್ಕಿತು, ಅವನೂ ನಕ್ಕ. ನಾನು ಆ ಶಾಲೆಯಿಂದ ಹೊರಡುವ ಹೊತ್ತಿಗೆ ಅವನು ತಡವರಿಸುತ್ತ ಓದಲು ತೊಡಗಿದ್ದ.

ಮುಂದೆ ಎಂ.ಎ. ತರಗತಿಯಲ್ಲಿ ಭಾಷಾಚರಿತ್ರೆಯನ್ನು ಓದುವಾಗ ಆ ಹುಡುಗ ನೆನಪಾಗುತ್ತಿದ್ದ. ಪಂಪನ ಕಾಲದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ಯಾಯಿತು. ಪಕಾರ ಸಡಿಲಗೊಂಡು ಹಕಾರವಾದಂತೆ, ಹಳೆಯ ಮೈಸೂರು ಸೀಮೆಯ ಆಡುನುಡಿಯಲ್ಲಿ ಆ ಹಕಾರವೂ ಸಡಿಲಗೊಂಡು ಬಿದ್ದುಹೋಗಿದೆ. ಕನ್ನಡವು ನೂರಾರು ವರ್ಷಗಳಿಂದ ನಡೆದು ಬಂದ ದಾರಿಯಲ್ಲಿಯೇ ಆ ಮಗುವಿನ ನಾಲಿಗೆ ಇನ್ನೊಂದು ಹೆಜ್ಜೆ ಮುಂದಿತ್ತು. ಗ್ರಂಥದ ಭಾಷೆಯನ್ನು ಅವನಿಗೆ ಕಲಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಭಾಷೆಯನ್ನು ಅವಮಾನಿಸಿ ಕಲಿಸಿದರೆ ಎರಡೂ ಭಾಷೆಗಳು ಹೋಗಿ ಮೌನವೊಂದೇ ಉಳಿಯುತ್ತದೆ.

ಇನ್ನು ನೆರವಿನ ವಿಚಾರ. ಹಾಜರಿ ಪುಸ್ತಕ ತರುವುದು, ಪೆನ್ಸಿಲು ಚೂಪು ಮಾಡಿಕೊಡುವುದು, ಕಾಪಿ ಪುಸ್ತಕ ತಿದ್ದುವುದು ಇವು ಯಾರ ಕಣ್ಣಿಗೂ ದೊಡ್ಡದಾಗಿ ಕಾಣದ ಕೆಲಸಗಳು. ಆದರೂ ಇವುಗಳ ಮೂಲಕವೇ ಮಕ್ಕಳು ಹೊಸಬನನ್ನು ಹತ್ತಿರ ಬಿಟ್ಟುಕೊಳ್ಳುತ್ತಾರೆ. ಕಷ್ಟವಿರುವುದು ಮಗುವೊಂದು ಓದುತ್ತ ಶಬ್ದವೊಂದರ ಬಳಿ ನಿಂತುಬಿಟ್ಟಾಗ. ಪಕ್ಕದಲ್ಲಿರುವವನ ನಾಲಿಗೆ ಆ ಶಬ್ದವನ್ನು ಹೇಳಿಬಿಡಲು ತವಕಿಸುತ್ತದೆ. ಹೇಳಿಬಿಟ್ಟರೆ ಓದು ಮುಂದೆ ಸಾಗುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಾಥಮಿಕ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ 1 ಸೆಕೆಂಡು ಮಾತ್ರ! ಆ ಕಾಯುವಿಕೆಯನ್ನು 3 ಸೆಕೆಂಡುಗಳಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವಿಲ್ಲದೆ ಸುಮ್ಮನಾಗುವುದು ಕಡಿಮೆಯಾಯಿತು, ಹಿಂದುಳಿದವರೆಂದು ಎಣಿಸಲಾಗಿದ್ದ ಮಕ್ಕಳೂ ಮಾತನಾಡತೊಡಗಿದರು. ಮೂರು ಸೆಕೆಂಡು ಎಂದರೆ ಒಂದು ದೀರ್ಘವಾದ ಉಸಿರಿನಷ್ಟು ಕಾಲ. ಆದರೆ ತರಗತಿಯಲ್ಲಿ ಅಷ್ಟು ಹೊತ್ತು ಸುಮ್ಮನಿರುವುದಕ್ಕೆ ಅಭ್ಯಾಸ ಬೇಕು. ಪಾಠದ ಹೊಣೆ ಇನ್ನೂ ಹೆಗಲೇರದ ತರಬೇತಿಯ ದಿನಗಳೇ ಅದನ್ನು ಅಭ್ಯಾಸ ಮಾಡಲು ತಕ್ಕ ಕಾಲ.

ನಮ್ಮ ನಾಡಿನಲ್ಲಿ ಈ ತಿಳಿವಳಿಕೆಯನ್ನು ತರಗತಿಯ ರಚನೆಯೊಳಗೇ ತಂದ ಪದ್ಧತಿಯೊಂದುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಅದು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಉಪಾಧ್ಯಾಯರೇ ಸೇರಿ ರೂಪಿಸಿದ ಈ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಲಾಯಿತು. ನಿವೃತ್ತಿಯ ನಂತರ ತರಬೇತಿಯ ವಿದ್ಯಾರ್ಥಿಗಳೊಡನೆ ಇಂಥ ಕೆಲವು ತರಗತಿಗಳಲ್ಲಿ ಕುಳಿತಿದ್ದೇನೆ. ಮಕ್ಕಳು ಅಲ್ಲಿ ಐದು ತಟ್ಟೆಗಳ ಸುತ್ತ ಗುಂಪುಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಸಂಪೂರ್ಣ ಸಹಾಯ, ಮತ್ತೊಂದಕ್ಕೆ ಭಾಗಶಃ ಸಹಾಯ. ಮುಂದಿನ ಗುಂಪುಗಳಿಗೆ ಗೆಳೆಯರ ನೆರವು. ಕೊನೆಯ ಗುಂಪಿನದು ಸ್ವಕಲಿಕೆ. ಎಷ್ಟು ಸಹಾಯ ಬೇಕೆಂಬುದೇ ಇಲ್ಲಿ ಮಗುವಿನ ಸ್ಥಾನವನ್ನು ನಿರ್ಧರಿಸುತ್ತದೆ. ಸಹಾಯವು ದಿನದಿನಕ್ಕೆ ಕಡಿಮೆಯಾಗುತ್ತ ಹೋಗುವುದೇ ಕಲಿಕೆಯ ಗುರುತು.

ಅಕ್ಷರಗಳ ಕ್ರಮವೂ ಅಲ್ಲಿ ಬೇರೆ. ‘ಅ, ಆ, ಇ, ಈ’ ಎಂದು ಆರಂಭಿಸದೆ ‘ರ, ಗ, ಸ, ದ, ಅ’ ಎಂದು ಆರಂಭಿಸುತ್ತಾರೆ. ಇದನ್ನು ಕಂಡು ನನ್ನ ಜೊತೆಯಲ್ಲಿದ್ದ ಅಭ್ಯರ್ಥಿಗಳು ಮೊದಲು ಮುಖ ಮುಖ ನೋಡಿಕೊಂಡರು. ಸ್ವಲ್ಪ ಯೋಚಿಸಿದರೆ ಕಾರಣ ತಿಳಿಯುತ್ತದೆ. ಸ್ವರಗಳನ್ನೆಲ್ಲ ಕಲಿತು ಮುಗಿಸಿದರೂ ಮಗುವಿಗೆ ಓದಲು ಶಬ್ದಗಳು ಸಿಗುವುದಿಲ್ಲ. ಈ ಐದು ಅಕ್ಷರ ಬಂದರೆ ಸರ, ದರ, ಅಗಸ, ಅರಸ, ಗರಗಸ ಎಲ್ಲವನ್ನೂ ಓದಬಹುದು. ತಾನು ಓದಿದ್ದಕ್ಕೆ ಅರ್ಥವಿದೆಯೆಂಬ ಸಂತೋಷ ಮೊದಲ ತಿಂಗಳಲ್ಲಿಯೇ ಮಗುವಿಗೆ ದಕ್ಕುತ್ತದೆ. ವರ್ಣಮಾಲೆಯ ಶಾಸ್ತ್ರೀಯ ಕ್ರಮಕ್ಕೆ ಇದರಿಂದ ಕುಂದೇನೂ ಬರದು. ಅದನ್ನು ಆಮೇಲೆ ಕಲಿಯಬಹುದು.

ಇಷ್ಟೆಲ್ಲ ಕಾಣಲು, ಕಲಿಯಲು ಅವಕಾಶವಿರುವ ಈ ವಾರಗಳು ಅನೇಕ ಕಡೆ ವ್ಯರ್ಥವಾಗಿ ಹೋಗುವುದನ್ನೂ ಕಂಡಿದ್ದೇನೆ. ಉಪಾಧ್ಯಾಯರ ಕೊರತೆಯಿರುವ ಶಾಲೆಗೆ ಅಭ್ಯರ್ಥಿ ಕಾಲಿಟ್ಟ ದಿನವೇ ಅವನ ಕೈಗೆ ಇಡೀ ತರಗತಿಯನ್ನು ಒಪ್ಪಿಸುತ್ತಾರೆ. ಇತ್ತ ವೀಕ್ಷಣೆಯ ದಾಖಲೆಯು ಹಿಂದಿನ ವರ್ಷದವರ ಪುಸ್ತಕದಿಂದ ನಕಲಾಗುತ್ತದೆ. ಶಾಲೆಯ ಕಷ್ಟ ನನಗೆ ಅರ್ಥವಾಗುತ್ತದೆ; ಖಾಲಿ ತರಗತಿಯನ್ನು ನೋಡುತ್ತ ಯಾರೂ ಸುಮ್ಮನಿರಲಾರರು. ಆದರೆ ನೋಡಲು ಕಲಿಯದೆ ಪಾಠ ಹೇಳಲು ನಿಂತವನು ಮೂವತ್ತು ವರ್ಷ ಮುಂದಿನ ಸಾಲಿನ ಮಕ್ಕಳಿಗಷ್ಟೇ ಪಾಠ ಹೇಳಿ ನಿವೃತ್ತನಾಗಿಬಿಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷಗಳ ಸಮಗ್ರ ಬಿ.ಎಡ್. ಪದವಿಯನ್ನು ಉಪಾಧ್ಯಾಯರ ಕನಿಷ್ಠ ಅರ್ಹತೆಯಾಗಿಸುವ ಗುರಿಯನ್ನಿಟ್ಟಿದೆ. ಶಿಕ್ಷಣ ಎರಡು ವರ್ಷದ್ದಾಗಲಿ ನಾಲ್ಕು ವರ್ಷದ್ದಾಗಲಿ, ನೋಟದ ಈ ವಾರಗಳನ್ನು ಕಾಪಾಡಿಕೊಳ್ಳದಿದ್ದರೆ ಪದವಿಯ ಉದ್ದ ಹೆಚ್ಚಿದ್ದಷ್ಟೇ ಲಾಭ.

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಒಬ್ಬ ಅಭ್ಯರ್ಥಿಗೆ ಐದಾರು ಮಕ್ಕಳನ್ನು ಗೊತ್ತುಮಾಡಿಕೊಟ್ಟು ಅವರನ್ನೇ ನಾಲ್ಕು ವಾರ ಗಮನಿಸಲು ಹೇಳಬಹುದು. ಮಕ್ಕಳು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವ ರೂಢಿ ಮಾಡಿಸಬಹುದು. ಶಾಲೆ ಬಿಟ್ಟ ಮೇಲೆ ಹಿರಿಯ ಉಪಾಧ್ಯಾಯರು ಅವನೊಡನೆ ಹದಿನೈದು ನಿಮಿಷ ಕುಳಿತು, "ಇವತ್ತು ಏನು ಕಂಡೆ?" ಎಂದು ಕೇಳಿದರೆ ಸಾಕು. ಕೇಳುವವರಿದ್ದಾರೆಂದು ಗೊತ್ತಾದರೆ ನೋಡುವ ಕಣ್ಣು ತಾನಾಗಿ ಚುರುಕಾಗುತ್ತದೆ. ಕಂಡದ್ದನ್ನು ಕೇಳಿಸಿಕೊಂಡ ಹಿರಿಯರಿಗೂ ತಮ್ಮ ತರಗತಿಯ ಕಾಣದ ಮೂಲೆಯೊಂದು ಕಾಣುತ್ತದೆ. ನಮ್ಮ ಊರಿನ ಶಾಲೆಗೆ ಇಂಥ ಯುವಕ ಯುವತಿಯರು ಬಂದಾಗ ಅವರನ್ನು ಬಿಟ್ಟಿ ಕೆಲಸದವರೆಂದು ಎಣಿಸದೆ, ನೋಡಲು ಒಂದಿಷ್ಟು ಬಿಡುವು ಕೊಡಿಸುವ ಹೊಣೆ ಶಾಲೆಯ ಮುಖ್ಯಸ್ಥರದಷ್ಟೇ ಅಲ್ಲ, ಮಕ್ಕಳನ್ನು ಆ ಶಾಲೆಗೆ ಕಳುಹಿಸುವ ನಮ್ಮೆಲ್ಲರದೂ ಹೌದು.