ಚಿನ್ನದ ಗಣಿಯಲ್ಲಿ ಸಿಕ್ಕಿದ ಆಕಾಶದ ಕಣ

ಕೋಲಾರದ ಕೆಜಿಎಫ್ ಅಂದಕೂಡಲೇ ನೆನಪಾಗುವುದು ಚಿನ್ನ. ಈಗಿನ ಹುಡುಗರಿಗಾದರೆ ಅದೇ ಹೆಸರಿನ ಸಿನಿಮಾದ ಯಶ್. ಆದರೆ ಅದೇ ಊರಿನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಚಿನ್ನಕ್ಕಿಂತ ಅಪರೂಪದ್ದೊಂದು ಸಿಕ್ಕಿತ್ತು ಅಂದರೆ ನಂಬುತ್ತೀರಾ? ಅದೂ 1965ರಲ್ಲಿ!

ಅಂಗೈ ಚಾಚಿ ನೋಡಿ. ಹೆಚ್ಚುಕಮ್ಮಿ ಸೆಕೆಂಡಿಗೊಂದರಂತೆ ಮ್ಯುಆನ್ ಎಂಬ ಕಣ ಅದರೊಳಗಿಂದ ತೂರಿಹೋಗುತ್ತಿದೆ, ಈಗಲೂ! ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಜೊತೆಗೇ ಹುಟ್ಟುವ ನ್ಯೂಟ್ರಿನೊ ಮಾತ್ರ ಮಹಾ ಮಾಯಾವಿ; ಇಡೀ ಭೂಮಿಯನ್ನೇ ದಾಟಿಹೋದರೂ ಬಹುತೇಕ ಸುಳಿವು ಬಿಡುವುದಿಲ್ಲ. ಮ್ಯುಆನ್‌ಗಳ ಮಳೆಯಲ್ಲಿ ಅದನ್ನು ಹುಡುಕುವುದೆಂದರೆ ಜಾತ್ರೆಯ ನಡುವೆ ನಿಂತು ಇರುವೆಯ ಹೆಜ್ಜೆ ಸದ್ದಿಗೆ ಕಿವಿಗೊಟ್ಟಂತೆ. ಅದಕ್ಕೇ, ಮ್ಯುಆನ್‌ಗಳನ್ನು ಬಂಡೆ ತಡೆಯಲಿ ಎಂದು, ವಿಜ್ಞಾನಿಗಳು ಪಾತಾಳಕ್ಕಿಳಿದರು!

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇಲ್ಲಿ ಮ್ಯುಆನ್ ಎಣಿಸತೊಡಗಿದ್ದರು. ಕೋಲಾರದ ಬಂಡೆ ನೀರಿಗಿಂತ ಮೂರು ಪಟ್ಟು ಭಾರ. ಅಂದರೆ 2.3 ಕಿಲೋಮೀಟರ್ ಬಂಡೆಯೆಂದರೆ ನೆತ್ತಿಯ ಮೇಲೆ ಏಳು ಕಿಲೋಮೀಟರ್ ನೀರು ನಿಂತ ಲೆಕ್ಕ! ಇನ್ನೂ ಆಳಕ್ಕೆ ಹೋಗಿ ಸುಮಾರು ಎರಡು ತಿಂಗಳು ಕಾದರೆ ಒಂದೇ ಒಂದು ಮ್ಯುಆನೂ ಬರಲಿಲ್ಲ. ಏನೂ ಸಿಗದ್ದಕ್ಕೆ ಹಿಗ್ಗಿದವರು ಆ ಗಣಿಯಲ್ಲಿ ಈ ವಿಜ್ಞಾನಿಗಳು ಮಾತ್ರ ಇರಬೇಕು.

ಮುಂದಿನದು ಇನ್ನೂ ಸೊಗಸು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಕಣ ಹಿಡಿಯುವ ಫಲಕಗಳನ್ನು ನೆಲಕ್ಕೆ ಹಾಸಲಿಲ್ಲ, ಗೋಡೆಯಂತೆ ನಿಲ್ಲಿಸಿದರು. ಪಕ್ಕದಲ್ಲಿ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಕಣ ಹಾದರೆ ಅದರ ದಾರಿಯುದ್ದಕ್ಕೂ ಫಕ್ಕನೆ ಮಿಂಚು! ಆಕಾಶದ ಮ್ಯುಆನ್ ಬಂದರೆ ಮೇಲಿಂದಲೇ ಬರಬೇಕು; ಅಡ್ಡಡ್ಡ ಬರಲು ಹತ್ತಾರು ಕಿಲೋಮೀಟರ್ ಬಂಡೆ ಬಿಡುವುದಿಲ್ಲ. ಹಾಗಾಗಿ ಅಡ್ಡ ಬಂದ ಮ್ಯುಆನ್ ಅಲ್ಲೇ ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊ ಡಿಕ್ಕಿಯಿಂದ ಹುಟ್ಟಿದ್ದೇ ಸೈ. ಎಂಥ ಉಪಾಯ!

ಬಂತು! ಅಡ್ಡ ಗೆರೆ ಎಳೆದುಕೊಂಡೇ ಬಂತು!

ಸ್ವಾರಸ್ಯ ನೋಡಿ, ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಕಣ ಮೊದಲು ಕಂಡದ್ದು ಅವರಿಗೆ. ವರದಿ ಮೊದಲು ಅಚ್ಚಾದದ್ದು ಕೆಜಿಎಫ್‌ನದು, ವಿಜ್ಞಾನ ಪತ್ರಿಕೆಯೊಂದರ 1965ರ ಆಗಸ್ಟ್ 15ರ ಸಂಚಿಕೆಯಲ್ಲಿ.

ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ನೋಡಲು 1980ರಲ್ಲಿ 140 ಟನ್ ಕಬ್ಬಿಣವನ್ನೂ ಇದೇ ಗಣಿಯಲ್ಲಿ ಜೋಡಿಸಿದರು. ಗಣಿ ಮುಚ್ಚಿದ್ದು 2001ರಲ್ಲಿ. ಮತ್ತೆ ನ್ಯೂಟ್ರಿನೊ ಹುಡುಕುವ ಯೋಚನೆ ಬಂದಾಗ ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟಕ್ಕೆ ಹೊಸದಾಗಿ ಸುರಂಗ ಕೊರೆಯುವ ಯೋಜನೆ ಹಾಕಬೇಕಾಯಿತು.