ಆಂಗ್ಲ ಮಾಧ್ಯಮದಲ್ಲಿ ಇತಿಹಾಸ ಕಲಿಯುವ ಮಕ್ಕಳ ಪದಸಂಪತ್ತು: ಪೋಷಕರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲಿಯೇ ಆಂಗ್ಲ ಭಾಷೆಯ ಬೋಧನೆ ಆರಂಭವಾಯಿತು. 2019-20ನೇ ಸಾಲಿನಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳನ್ನು ತೆರೆಯಲಾಯಿತು. ಆ ವರ್ಷ ಒಂದನೇ ತರಗತಿಗೆ ದಾಖಲಾಗಿ ಕ್ರಮವಾಗಿ ಮುಂದುವರಿದ ಮಕ್ಕಳು 2024-25ರಲ್ಲಿ ಆರನೇ ತರಗತಿಗೆ ಬಂದರು. ಐದನೇ ತರಗತಿಯವರೆಗೆ ಪರಿಸರ ಅಧ್ಯಯನವನ್ನು ಓದಿದ ಮಕ್ಕಳಿಗೆ ಆರನೇ ತರಗತಿಯಲ್ಲಿ ಸಮಾಜ ವಿಜ್ಞಾನದ ಭಾಗವಾಗಿ ಇತಿಹಾಸ ಎದುರಾಗುತ್ತದೆ. ಪದಗಳ ತೊಡಕು ಹೆಚ್ಚುವುದು ಈ ಹಂತದಲ್ಲಿಯೇ.

ಮಲೆಬೆನ್ನೂರು ಹಾಗೂ ಸುತ್ತಲಿನ ಗ್ರಾಮಗಳ ಮನೆಗಳಲ್ಲಿ ಕನ್ನಡ ಮತ್ತು ಉರ್ದು ಭಾಷೆಗಳು ಬಳಕೆಯಲ್ಲಿವೆ. "ನಮಗೆ ಇಂಗ್ಲಿಷ್ ಬಾರದು, ಮಗುವಿಗೆ ನೆರವಾಗುವುದು ಹೇಗೆ?" ಎಂಬುದು ಆಂಗ್ಲ ಮಾಧ್ಯಮ ವಿಭಾಗಕ್ಕೆ ಅರ್ಜಿ ಸಲ್ಲಿಸುವ ಅನೇಕ ಪೋಷಕರ ಪ್ರಶ್ನೆ. ಇಂಗ್ಲಿಷ್ ಬಾರದಿದ್ದರೂ ಇತಿಹಾಸದ ಕಲಿಕೆಗೆ ಪೋಷಕರು ನೆರವಾಗಬಹುದೆಂಬುದನ್ನು ತಿಳಿಸುವುದೇ ಈ ಪುಟದ ಉದ್ದೇಶವಾಗಿರುತ್ತದೆ.

1. ತೊಡಕು ಎಲ್ಲಿದೆ?

ರಾಜರ ಹೆಸರುಗಳೂ ಇಸವಿಗಳೂ ಯಾವ ಮಾಧ್ಯಮದಲ್ಲಾದರೂ ಒಂದೇ. ಮಗು ಎಡವುವುದು ಈ ಕೆಳಕಂಡ ಮೂರು ಬಗೆಯ ಪದಗಳಲ್ಲಿ.

ಅ) ಪರಿಚಿತವಾಗಿದ್ದು, ಇತಿಹಾಸದಲ್ಲಿ ಬೇರೆ ಅರ್ಥ ಕೊಡುವ ಪದಗಳು. 'ಸಬ್ಜೆಕ್ಟ್' ಎಂದರೆ ಮಗುವಿಗೆ ವೇಳಾಪಟ್ಟಿಯ ವಿಷಯ. ಇತಿಹಾಸದಲ್ಲಿ ರಾಜನ ಪ್ರಜೆ. 'ರೂಲರ್' ಎಂದರೆ ಗೆರೆ ಎಳೆಯುವ ಪಟ್ಟಿ, ಇತಿಹಾಸದಲ್ಲಿ ಆಳುವವನು. 'ಪವರ್' ಎಂದರೆ ಮನೆಯ ಕರೆಂಟು, ಇತಿಹಾಸದಲ್ಲಿ ಅಧಿಕಾರ. ಈ ಪದಗಳು ತನಗೆ ಗೊತ್ತೆಂದೇ ಮಗು ಭಾವಿಸುವುದರಿಂದ ಅರ್ಥವನ್ನು ಕೇಳುವುದಿಲ್ಲ. ಆದ್ದರಿಂದ ಇವು ಕಠಿಣ ಪದಗಳಿಗಿಂತ ಹೆಚ್ಚು ಗೊಂದಲ ಉಂಟುಮಾಡುತ್ತವೆ.

ಆ) ಪಾರಿಭಾಷಿಕ ಪದಗಳು. 'ಸಬ್ಸಿಡಿಯರಿ ಅಲಯನ್ಸ್' ಎಂಬುದು ಕನ್ನಡ ಪಠ್ಯಪುಸ್ತಕದಲ್ಲಿ 'ಸಹಾಯಕ ಸೈನ್ಯ ಪದ್ಧತಿ' ಎಂದಿದೆ. ಕನ್ನಡದ ಪದವು ತನ್ನ ಅರ್ಥವನ್ನು ತಾನೇ ಹೇಳುತ್ತದೆ.

ಇ) ಕಾರಣ ಮತ್ತು ಪರಿಣಾಮಗಳನ್ನು ಜೋಡಿಸುವ ಪದಗಳು. 'ದೇರ್‌ಫೋರ್', 'ಡ್ಯೂ ಟು', 'ಆಲ್‌ದೋ' ಮುಂತಾದವು. ಇವು ತಿಳಿಯದ ಮಗು 'ಯಾರು', 'ಯಾವಾಗ' ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತದೆ. 'ಏಕೆ' ಎಂಬ ಪ್ರಶ್ನೆಗೆ ಮೌನವಾಗುತ್ತದೆ.

2. ಮನೆಯ ಮಾತಿನಲ್ಲಿಯೇ ಇರುವ ಪದಗಳು

ಬ್ರಿಟಿಷರ ಭೂಕಂದಾಯ ಪದ್ಧತಿಗಳ ಪಾಠದಲ್ಲಿ 'ರಯತ್ವಾರಿ' ಎಂಬ ಪದ ಬರುತ್ತದೆ. ಜಮೀನ್ದಾರರ ಮಧ್ಯಸ್ಥಿಕೆಯಿಲ್ಲದೆ ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ಪದ್ಧತಿಯಿದು. 1800ರಿಂದ 1807ರವರೆಗೆ ಬಳ್ಳಾರಿ ಸೀಮೆಯನ್ನೊಳಗೊಂಡ ಪ್ರಾಂತ್ಯದಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಈ ಪದ್ಧತಿಯ ಪ್ರಮುಖ ಪ್ರತಿಪಾದಕರು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಯ ಮಗುವಿಗೆ ಈ ಪದದೊಳಗೆ 'ರೈತ' ಎಂಬ ತನ್ನ ಮನೆಯ ಪದವೇ ಅಡಗಿದೆಯೆಂದು ತಿಳಿಸಿದರೆ ಸಾಕು, ಅದು ಮರೆಯುವುದಿಲ್ಲ. ಉರ್ದು ಮಾತನಾಡುವ ಮನೆಗಳಲ್ಲಿ ಪ್ರಜೆಗಳಿಗೆ 'ರಿಆಯಾ' ಎನ್ನುತ್ತಾರೆ. ಅದೂ ಇದೇ ಮೂಲದ ಪದ.

ಅದೇ ಪಾಠದಲ್ಲಿ 1793ರ 'ಪರ್ಮನೆಂಟ್ ಸೆಟ್ಲ್‌ಮೆಂಟ್' ಬರುತ್ತದೆ. ಸಿಂಧೂ ಬಯಲಿನ ನಾಗರಿಕತೆಯ ಪಾಠದಲ್ಲಿ 'ಸೆಟ್ಲ್‌ಮೆಂಟ್' ಎಂದರೆ ಜನವಸತಿ; ಇಲ್ಲಿ ಕಂದಾಯದ ನಿಷ್ಕರ್ಷೆ. ಜಮಾಬಂದಿ, ಪಹಣಿ, ಕಂದಾಯ, ಖಜಾನೆ ಮುಂತಾದ ಪದಗಳನ್ನು ಕಚೇರಿಯ ಕೆಲಸಗಳಲ್ಲಿ ಬಳಸುವ ಪೋಷಕರು ಈ ವ್ಯತ್ಯಾಸವನ್ನು ಸುಲಭವಾಗಿ ವಿವರಿಸಬಲ್ಲರು.

'ಡಾಕ್ಟ್ರಿನ್ ಆಫ್ ಲ್ಯಾಪ್ಸ್' ಎಂಬುದೂ ಹೀಗೆಯೇ. ಕಂತು ಕಟ್ಟದಿದ್ದರೆ ವಿಮಾ ಪಾಲಿಸಿ 'ಲ್ಯಾಪ್ಸ್' ಆಗುವುದೆಂಬುದು ಸರ್ವರಿಗೂ ತಿಳಿದ ವಿಷಯ. ಔರಸ ಪುತ್ರನಿಲ್ಲದ ಅಧೀನ ರಾಜನ ರಾಜ್ಯದ ಹಕ್ಕು ಹಾಗೆಯೇ ರದ್ದಾಗಿ ಕಂಪನಿಗೆ ಸೇರುವುದೆಂದು, 1848ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಡಾಲ್‌ಹೌಸಿ ಪ್ರತಿಪಾದಿಸಿದನು. ಇದಕ್ಕೂ ಮೊದಲೇ, 1824ರಲ್ಲಿ ಕಿತ್ತೂರಿನ ದತ್ತು ಸ್ವೀಕಾರವನ್ನು ಕಂಪನಿ ಮಾನ್ಯ ಮಾಡದೆ ರಾಣಿ ಚೆನ್ನಮ್ಮನವರು ಹೋರಾಡಿದ ಸಂಗತಿಯನ್ನು ಮಗು ಕಥೆಯಾಗಿ ಬಲ್ಲದು. ಕಥೆ ತಿಳಿದಿದ್ದರೆ ಪದ ನಿಲ್ಲುತ್ತದೆ.

3. ಅನುಸರಿಸಬಹುದಾದ ಕ್ರಮಗಳು

1) ಕರ್ನಾಟಕ ಪಠ್ಯಪುಸ್ತಕ ಸಂಘವು ಸಮಾಜ ವಿಜ್ಞಾನ ಪುಸ್ತಕವನ್ನು ಕನ್ನಡ ಹಾಗೂ ಆಂಗ್ಲ ಎರಡೂ ಮಾಧ್ಯಮಗಳಲ್ಲಿ ಪ್ರಕಟಿಸುತ್ತದೆ. ಪಾಠಕ್ಕೆ ಮುನ್ನ ಅದೇ ಪಾಠವನ್ನು ಕನ್ನಡದಲ್ಲಿ ಒಮ್ಮೆ ಓದಿಸುವುದು ಅತ್ಯಂತ ಉಪಯುಕ್ತ.

2) ಒಂದು ಪಾಠಕ್ಕೆ ಐದಾರು ಮುಖ್ಯ ಪದಗಳನ್ನು ಮಾತ್ರ ಆರಿಸಿಕೊಳ್ಳುವುದು. ಇಪ್ಪತ್ತು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ.

3) ಪದಗಳಿಗೆ ಪ್ರತ್ಯೇಕ ಪುಸ್ತಕವಿಟ್ಟು ನಾಲ್ಕು ಕಲಂಗಳನ್ನು ಮಾಡುವುದು: ಇಂಗ್ಲಿಷ್ ಪದ, ಮನೆಯ ಮಾತಿನ ಪದ, ಪಾಠದಲ್ಲಿ ಅದು ಬಂದ ವಾಕ್ಯ, ನಮ್ಮ ಊರಿನ ಉದಾಹರಣೆ. ನಾಲ್ಕನೆಯ ಕಲಂ ಪೋಷಕರ ಪಾಲಿನದು.

4) ಪದವನ್ನು ಬಿಡಿಸಿ ತೋರಿಸುವುದು. 'ಯೂನಿಫಿಕೇಶನ್' ಎಂಬುದರ 'ಯೂನಿ', 'ಏಕೀಕರಣ'ದ 'ಏಕ' ಎರಡೂ ಒಂದು ಎಂಬುದನ್ನೇ ಹೇಳುತ್ತವೆ. 1956ರ ನವೆಂಬರ್ 1ರಂದು ರಾಜ್ಯದ ಏಕೀಕರಣವಾಯಿತು. 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕುಗಳನ್ನು ಸೇರಿಸಿ ದಾವಣಗೆರೆ ಜಿಲ್ಲೆಯನ್ನು ರಚಿಸಿದ್ದು 'ರಿಆರ್ಗನೈಸೇಶನ್', ಅಂದರೆ ಪುನರ್ವಿಂಗಡಣೆ, ಎಂಬುದಕ್ಕೆ ಹತ್ತಿರದ ಉದಾಹರಣೆ.

5) ಸ್ಥಳವನ್ನು ತೋರಿಸುವುದು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. 'ಡೈನಾಸ್ಟಿ' ಎಂದರೆ ರಾಜವಂಶ, 'ಕಮಾಂಡರ್' ಎಂದರೆ ದಂಡನಾಯಕ, 'ಇನ್‌ಸ್ಕ್ರಿಪ್ಶನ್' ಎಂದರೆ ಶಾಸನ, 'ಗ್ರಾಂಟ್' ಎಂದರೆ ದತ್ತಿ: ಈ ನಾಲ್ಕೂ ಪದಗಳನ್ನು ಆ ಒಂದೇ ಆವರಣದಲ್ಲಿ ಕಲಿಸಬಹುದಾಗಿದೆ.

6) 'ಏಕೆ' ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲು ಮನೆಯ ಮಾತಿನಲ್ಲಿ ಹೇಳಿಸಿ, ನಂತರ ಎರಡು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಬರೆಸುವುದು. ಎರಡು ಭಾಷೆ ಬೆರೆಸಿ ಮಾತನಾಡಿದಲ್ಲಿ ಗದರಿಸಬಾರದು.

4. ಮಾಧ್ಯಮದ ಆಯ್ಕೆಯ ಬಗ್ಗೆ

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪು ನೀಡಿದೆ. ಮಾಧ್ಯಮದ ಆಯ್ಕೆ ಪೋಷಕರದು. ಆದರೆ ಅರ್ಜಿಯಲ್ಲಿ 'ಆಂಗ್ಲ' ಎಂದು ಬರೆದ ಮಾತ್ರಕ್ಕೆ ಮನೆಯ ಭಾಷೆಯ ಕೆಲಸ ಮುಗಿಯುವುದಿಲ್ಲ; ಅದರ ಅಗತ್ಯ ಹೆಚ್ಚುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಸಮಾಜ ವಿಜ್ಞಾನ ಪತ್ರಿಕೆಯಲ್ಲಿ ಕಾರಣಗಳನ್ನು ವಾಕ್ಯರೂಪದಲ್ಲಿ ವಿವರಿಸಬೇಕಾಗುತ್ತದೆ.

ತರಗತಿಯಲ್ಲಿ ಮಾತನಾಡದ ಮಗುವನ್ನು ದಡ್ಡನೆಂದು ಭಾವಿಸತಕ್ಕದ್ದಲ್ಲ. ಕಿತ್ತೂರಿನ ಕಥೆಯನ್ನು ಅಜ್ಜಿಯ ಮುಂದೆ ತಪ್ಪಿಲ್ಲದೆ ಹೇಳುವ ಮಗುವೇ ಶಾಲೆಯಲ್ಲಿ ಒಂದು ಪದಕ್ಕಾಗಿ ತಡೆದು ನಿಂತಿರಬಹುದು. ಆ ಮಗುವಿಗೆ ಇತಿಹಾಸ ಗೊತ್ತಿದೆ. ಪದ ಮಾತ್ರ ಗೊತ್ತಿಲ್ಲ. ಈ ವ್ಯತ್ಯಾಸವನ್ನು ಪೋಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗಳಲ್ಲಿ ಹಾಗೂ ಪೋಷಕರ ಸಭೆಗಳಲ್ಲಿ ಶಿಕ್ಷಕರ ಗಮನಕ್ಕೆ ತರಬಹುದಾಗಿದೆ.

ಹೆಚ್ಚಿನ ವಿವರಗಳಿಗಾಗಿ ಸಂಬಂಧಪಟ್ಟ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.